ಬಲೆಯ ಎಲ್ಲ ಭಾಗವೂ ತಳಕ್ಕೆ ತಾಗಲೇಬೇಕಾ? ಟ್ರಾಲ್‌ನಿಂದ ಕಡಲ ತಳಕ್ಕೆ ಬೀಳುವ ಪೆಟ್ಟು ಕಡಿಮೆ ಮಾಡುವ ಬಗ್ಗೆ

ಡೆಕ್ಕಿನವ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಟ್ರಾಲ್ ಬೋಟಿನಲ್ಲಿ, ಅಂದರೆ ಕಡಲ ತಳದಲ್ಲಿ ಬಲೆ ಎಳೆಯುವ ಬೋಟಿನಲ್ಲಿ, ದುಡಿದವನು ನಾನು. ಈಗ ದಡದಲ್ಲೇ ಬಲೆ, ಬೋರ್ಡು (ಬಲೆಯ ಬಾಯಿ ಅಗಲಿಸುವ ಭಾರದ ಹಲಗೆ) ರಿಪೇರಿ ಮಾಡುತ್ತೇನೆ.

ರಿಪೇರಿಗೆ ಬರುವ ಬೋರ್ಡಿನ ಅಡಿಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಬಲೆಯ ಬಾಯಿಯ ಕೆಳಗಿನ ಸರಪಳಿಯೂ ಹಾಗೇ. ಇದು ನನಗೆ ಹೊಸದಲ್ಲ. ಆದರೆ ಮೊನ್ನೆ ಒಂದು ಸೆಟ್ ಬಿಚ್ಚಿದಾಗ ಬೋರ್ಡಿನಿಂದ ಬಲೆಯವರೆಗಿನ ವೈರ್ ಕೂಡ ಉದ್ದಕ್ಕೂ ಸವೆದು ಹೊಳೆಯುತ್ತಿತ್ತು. ಕಬ್ಬಿಣಕ್ಕೇ ಹೀಗಾದರೆ ಅದು ಉಜ್ಜಿಕೊಂಡು ಬಂದ ನೆಲಕ್ಕೆ ಏನಾಗಿರಬೇಕು ಅಂತ ಆವತ್ತಿನಿಂದ ಯೋಚನೆ.

ಟ್ರಾಲ್ ಪೂರ್ತಿ ನಿಲ್ಲಿಸುವುದೊಂದೇ ದಾರಿನಾ? ಬಲೆ ಕಟ್ಟುವ ರೀತಿಯನ್ನೇ ಬದಲಿಸಿ ತಳಕ್ಕೆ ಆಗುವ ಹಾನಿ ತಗ್ಗಿಸಲು ಆಗುವುದಿಲ್ವಾ? ಮಾಡಿ ನೋಡಿದವರು, ಓದಿ ತಿಳಿದವರು ದಯವಿಟ್ಟು ಹೇಳಿ.

ಬಲೆಮನೆ

ಒಳ್ಳೆಯ ವಿಷಯ ಎತ್ತಿದಿರಿ. ಟ್ರಾಲ್ ನೋಡದವರೂ ಇಲ್ಲಿ ಓದುತ್ತಾರೆ, ಅವರಿಗಾಗಿ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ.

ಬೋಟಿನ ಹಿಂದೆ ಎರಡು ವೈರ್. ಅವುಗಳ ತುದಿಗೆ ಒಂದೊಂದು ಬೋರ್ಡು. ನೀರಿನ ಒತ್ತಡಕ್ಕೆ ಎರಡು ಬೋರ್ಡುಗಳೂ ಹೊರಕ್ಕೆ ಸರಿದು ಬಲೆಯ ಬಾಯಿಯನ್ನು ಅಗಲ ಮಾಡುತ್ತವೆ. ಬೋರ್ಡಿನಿಂದ ಬಲೆಯವರೆಗೆ ಉದ್ದದ ವೈರ್ ಇರುತ್ತದೆ. ಅದು ನೆಲದ ಮೇಲೆ ಓರೆಯಾಗಿ ಗುಡಿಸುತ್ತಾ ಬರುತ್ತದೆ. ಎದ್ದ ಕೆಸರಿಗೆ ಹೆದರಿ ಮೀನು ಮಧ್ಯಕ್ಕೆ ಓಡುತ್ತದೆ. ಆಮೇಲೆ ಬಲೆಯ ಬಾಯಿ. ಮೇಲೆ ಫ್ಲೋಟ್, ಕೆಳಗೆ ಸರಪಳಿ ಅಥವಾ ರಬ್ಬರ್ ಬಿಲ್ಲೆ ಪೋಣಿಸಿದ ಹಗ್ಗ. ಕೊನೆಗೆ ಮೀನು ತುಂಬುವ ಚೀಲ.

ಹೊಲದ ಲೆಕ್ಕದಲ್ಲಿ ಹೇಳುವುದಾದರೆ ಬೋರ್ಡು ನೇಗಿಲು, ವೈರ್ ಕುಂಟೆ. ಮೆತ್ತನೆ ಕೆಸರಿನಲ್ಲಿ ಬೋರ್ಡು 35 ಸೆಂ.ಮೀ.ವರೆಗೂ ಇಳಿಯಬಹುದು. ಆದರೆ ಅದು ಉಳುವ ಪಟ್ಟೆ ತೀರಾ ಕಿರಿದು. ವೈರ್ ಆಳಕ್ಕೆ ಹೋಗುವುದಿಲ್ಲ, ಆದರೆ ಒಂದು ಎಳೆತದಲ್ಲಿ ಗುಡಿಸಿದ ಜಾಗದಲ್ಲಿ ಬಹುಪಾಲು ಅದರದ್ದೇ. ಎಲ್ಲರೂ ಬೋರ್ಡಿನ ಕಡೆಗೇ ಬೆರಳು ತೋರಿಸುತ್ತಾರೆ. ನಿಮ್ಮ ಕಣ್ಣು ವೈರ್ ಮೇಲೆ ಬಿದ್ದಿದೆ, ಅದೇ ಸರಿಯಾದ ಜಾಗ.

ತಳಜೀವಿ

ನಾನು ಕಡಲ ತಳದ ಸಣ್ಣ ಜೀವಿಗಳ ಬಗ್ಗೆ ಓದುತ್ತಿರುವವಳು. ಬಲೆಮನೆಯವರ ಮಾತಿಗೆ ಸ್ವಲ್ಪ ಅಂಕಿ ಸೇರಿಸುತ್ತೇನೆ.

2017ರಲ್ಲಿ ಪ್ರಪಂಚದ ಹಲವು ಕಡೆಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಬೋರ್ಡು ಕಟ್ಟಿದ ಟ್ರಾಲ್ ಸರಾಸರಿ 2.4 ಸೆಂ.ಮೀ. ಆಳ ಇಳಿಯುತ್ತದೆ, ಒಂದು ಸಲ ಹಾದುಹೋದರೆ ತಳದ ಜೀವರಾಶಿಯಲ್ಲಿ ಶೇ. 6ರಷ್ಟು ಹೋಗುತ್ತದೆ. ಕಬ್ಬಿಣದ ತೊಲೆ ಕಟ್ಟಿ ಎಳೆಯುವ ಬೀಮ್ ಟ್ರಾಲ್‌ನಲ್ಲಿ 2.7 ಸೆಂ.ಮೀ., ಶೇ. 14. ಚಿಪ್ಪು ತೆಗೆಯುವ ಡ್ರೆಜ್‌ನಲ್ಲಿ 5.5 ಸೆಂ.ಮೀ., ಶೇ. 20. ನೀರನ್ನು ಜೋರಾಗಿ ಚಿಮ್ಮಿಸಿ ಅಗೆಯುವ ಹೈಡ್ರಾಲಿಕ್ ಡ್ರೆಜ್‌ನಲ್ಲಿ 16.1 ಸೆಂ.ಮೀ., ಶೇ. 41. ಆಳ ಹೆಚ್ಚಿದ ಹಾಗೆ ಸಾವೂ ಹೆಚ್ಚು.

ಅಲ್ಲಿ ಸಾಯುವುದು ಬರೀ ಹುಳುವಲ್ವಾ ಅಂತ ಕೇಳುತ್ತಾರೆ. ಆ ಹುಳುಗಳೇ ಮಣ್ಣಿನಲ್ಲಿ ಬಿಲ ತೋಡಿ ಒಳಗೆ ಉಸಿರಾಡಲು ಗಾಳಿ ಸಿಗುವಂತೆ ಮಾಡುತ್ತವೆ. ಮೀನು, ಏಡಿ ಅವನ್ನೇ ತಿಂದು ಬೆಳೆಯುತ್ತವೆ. ಸ್ಪಂಜು, ಹವಳ, ಕಡಲಗರಿ ಅನ್ನುವ ಗರಿಯಂಥ ಜೀವಿಗಳು ನೆಲದಿಂದ ಎದ್ದು ನಿಂತಿರುತ್ತವೆ. ಮೀನಿನ ಮರಿಗಳು ಅವುಗಳ ಸಂದಿಯಲ್ಲೇ ಅಡಗುತ್ತವೆ.

ಅದೇ ಲೆಕ್ಕದಲ್ಲಿ ಇನ್ನೊಂದು ಅಂಶವೂ ಇದೆ. ಟ್ರಾಲ್ ನಿಂತ ಮೇಲೆ ಜೀವರಾಶಿ ಚೇತರಿಸಿಕೊಳ್ಳಲು ಸಾಮಾನ್ಯವಾಗಿ 1.9ರಿಂದ 6.4 ವರ್ಷ ಬೇಕು. ಇದನ್ನು ಓದಿ ಸಮಾಧಾನ ಪಡಬೇಡಿ, ಇದು ಸರಾಸರಿ. ಅಲೆಗೆ ಸದಾ ಅಲ್ಲಾಡುವ ಮರಳಿನ ಜೀವಿಗಳು ಬೇಗ ಮರಳುತ್ತವೆ. ಕೆನಡಾದ ಹೆಕೇಟ್ ಜಲಸಂಧಿಯಲ್ಲಿ ಗಾಜಿನಂಥ ಸ್ಪಂಜುಗಳ ದಿಬ್ಬಗಳಿವೆ. ಅವು ಕಟ್ಟಿಕೊಳ್ಳಲು ಸುಮಾರು 9000 ವರ್ಷ ಹಿಡಿದಿದೆ. ಅಲ್ಲಿ ಒಂದು ಸಲ ಬೋರ್ಡು ಹರಿದರೆ ಎಷ್ಟು ವರ್ಷ ಕಾಯುತ್ತೀರಿ?

ಕಡಲಹಕ್ಕಿ

ಇಷ್ಟೆಲ್ಲ ಗೊತ್ತಿದ್ದೂ ಬಲೆಗೆ ತೇಪೆ ಹಾಕುವ ಮಾತೇಕೆ? 1376ರಲ್ಲೇ ಇಂಗ್ಲೆಂಡಿನಲ್ಲಿ ಮೀನುಗಾರರು ಸಂಸತ್ತಿಗೆ ದೂರು ಕೊಟ್ಟಿದ್ದರು. ತಳ ಕೆರೆಯುವ ಹೊಸ ಬಲೆ ಬಂದಿದೆ, ನೀರಿನ ಕೆಳಗಿನ ಗಿಡಗಂಟಿ, ಚಿಪ್ಪಿನ ಮರಿ ಎಲ್ಲ ಹಾಳಾಗುತ್ತಿದೆ ಅಂತ. ಆರುನೂರು ವರ್ಷದ ಮೇಲಾಯಿತು. ಹಾಂಗ್‌ಕಾಂಗ್ 2012ರ ಕೊನೆಗೆ ತನ್ನ ನೀರಿನಲ್ಲಿ ಟ್ರಾಲ್ ಪೂರ್ತಿ ನಿಲ್ಲಿಸಿತು. ಬೇರೆಯವರಿಗೆ ಯಾಕೆ ಆಗುವುದಿಲ್ಲ?

ತಾಂಡೇಲ

ಬೋಟು ನಡೆಸುವವನ ಮಾತೂ ಕೇಳಿ. ಸಿಗಡಿ ಇರುವುದು ತಳದಲ್ಲಿ. ನಂಗು ಮೀನು ಮಣ್ಣು ಹೊದ್ದು ಮಲಗಿರುತ್ತದೆ. ಬಲೆ ನಾಲ್ಕು ಬೆರಳು ಮೇಲೆ ಹೋದರೆ ಸಾಕು, ಎಲ್ಲ ಕೆಳಗಿಂದ ಜಾರಿಕೊಳ್ಳುತ್ತದೆ. ಖಾಲಿ ಚೀಲ ಎತ್ತಿದರೆ ಡೆಕ್ಕಿನಲ್ಲಿ ಹುಡುಗರ ಮುಖ ನೋಡಲು ಆಗುವುದಿಲ್ಲ, ಅವರಿಗೆ ಪಾಲು ಬರುವುದು ಮೀನಿನ ಮೇಲೆ.

ಪ್ರಪಂಚದ ಕಡಲ ಮೀನಿನಲ್ಲಿ ಸುಮಾರು ಕಾಲು ಭಾಗ ತಳದ ಟ್ರಾಲ್‌ನಿಂದಲೇ ಬರುತ್ತದೆ. ನಾಳೆಯಿಂದ ನಿಲ್ಲಿಸಿ ಅನ್ನುವುದು ಸುಲಭ. ತಳ ಕೆಟ್ಟರೆ ನಷ್ಟ ನನಗೇ, ಅದು ನನಗೂ ಗೊತ್ತು. ಆದರೆ ಮೀನು ಬಿಡದೆ ಮಾಡುವ ದಾರಿ ಇದ್ದರೆ ತೋರಿಸಿ.

ಬಲೆಮನೆ

ತಾಂಡೇಲರೇ, ನಿಮ್ಮ ಪ್ರಶ್ನೆಗೆ ಬೇರಿಂಗ್ ಸಮುದ್ರದಲ್ಲಿ ಉತ್ತರ ಸಿಕ್ಕಿದೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಅಲಾಸ್ಕಾದ ಆ ಕಡೆ ದೊಡ್ಡ ದೊಡ್ಡ ಬೋಟುಗಳು ಚಪ್ಪಟೆ ಮೀನು ಹಿಡಿಯುತ್ತವೆ. ಮರಳು ಮಿಶ್ರಿತ ಮೆತ್ತನೆ ನೆಲ, ತುಂಬಾ ಉದ್ದದ ವೈರ್. ಆ ವೈರ್ ಕೆಳಗೆ ಸಿಕ್ಕಿ ಏಡಿಗಳು ಸಾಯುತ್ತಿದ್ದವು. ಬಲೆಗೆ ಬಂದ ಏಡಿಯನ್ನಾದರೂ ಎಣಿಸಬಹುದು, ಕೆಳಗೇ ಸತ್ತದ್ದನ್ನು ಯಾರು ಎಣಿಸುತ್ತಾರೆ? ಅಲ್ಲಿನ ಸಂಶೋಧಕರೂ ಬೋಟಿನವರೂ ಸೇರಿ ಒಂದು ಸರಳ ಕೆಲಸ ಮಾಡಿದರು. ವೈರ್ ಉದ್ದಕ್ಕೂ ಅಲ್ಲಲ್ಲಿ ರಬ್ಬರ್ ಬಿಲ್ಲೆ ಹಾಕಿದರು, ಒಂದರಿಂದ ಇನ್ನೊಂದಕ್ಕೆ ಕನಿಷ್ಠ 30 ಅಡಿ ದೂರ. ನೆಲಕ್ಕೆ ತಾಗುವುದು ಬಿಲ್ಲೆ ಮಾತ್ರ. ನಡುವಿನ ವೈರ್ ಎರಡೂವರೆ ಇಂಚು ಮೇಲೆ ತೇಲುತ್ತದೆ. ವೈರ್ ನೆಲಕ್ಕೆ ತಾಗುವ ಜಾಗ ಸುಮಾರು ಶೇ. 90ರಷ್ಟು ಇಳಿಯಿತು.

ಮೀನು? ಬಿಲ್ಲೆಯ ಎತ್ತರ ಬದಲಿಸಿ ಬದಲಿಸಿ ನೋಡಿದರು. ತೀರಾ ಮೇಲೆತ್ತಿದಾಗ ಕೆಲವು ಜಾತಿ ಕಡಿಮೆ ಬಿದ್ದವು. ಸಾಧಾರಣ ಎತ್ತರದಲ್ಲಿ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಯಾಕೆಂದರೆ ಮೀನನ್ನು ಓಡಿಸಲು ವೈರ್ ಹತ್ತಿರ ಬಂದರೆ ಸಾಕು, ಮೈಗೆ ಉಜ್ಜಬೇಕಿಲ್ಲ. ಏಡಿಗಳ ಸಾವೂ ಇಳಿಯಿತು. 2011ರಿಂದ ಅಲ್ಲಿನ ಚಪ್ಪಟೆ ಮೀನಿನ ಬೋಟುಗಳಿಗೆ ಇದು ಕಡ್ಡಾಯ. 2014ರಲ್ಲಿ ಅಲಾಸ್ಕಾ ಕೊಲ್ಲಿಯ ಮಧ್ಯ ಭಾಗಕ್ಕೂ ಬಂತು.

ಗಮನಿಸಿ, ಬಲೆಯ ಬಾಯಿಯ ಹಗ್ಗಕ್ಕೆ ಅವರು ಕೈ ಹಚ್ಚಲಿಲ್ಲ. ಅದು ತಳಕ್ಕೆ ತಾಗಿಕೊಂಡೇ ಇತ್ತು. ಮೀನು ಹಿಡಿಯುವುದು ಅಲ್ಲಿ ತಾನೇ. ತಾಗಬೇಕಾದದ್ದು ತಾಗಲಿ, ಸುಮ್ನೆ ಎಳೆದುಕೊಂಡು ಬರುವುದನ್ನು ಮೇಲೆತ್ತಿ. ನಾನು ಹೇಳುವುದು ಇಷ್ಟೇ.

ತಾಂಡೇಲ

ಇದು ಕೇಳಲು ಚೆನ್ನಾಗಿದೆ. ಆದರೆ ಸಿಗಡಿ ಬಲೆಯಲ್ಲಿ ವೈರ್ ಉದ್ದವೇ ಇರುವುದಿಲ್ಲ. ಸಿಗಡಿಯನ್ನು ಮೀನಿನ ಹಾಗೆ ಅಟ್ಟಿಕೊಂಡು ಬರಲು ಆಗುವುದಿಲ್ಲ.

ಬಲೆಮನೆ

ಸರಿಯಾಗಿ ಹಿಡಿದಿರಿ. ಸಿಗಡಿ ಬಲೆಗೆ ಈ ಬಿಲ್ಲೆಯಿಂದ ಲಾಭ ಕಡಿಮೆ. ಅಲ್ಲಿ ಕೆಲಸ ಆಗಬೇಕಾದದ್ದು ಬೋರ್ಡು ಮತ್ತು ಬಾಯಿಯ ಸರಪಳಿಯಲ್ಲಿ.

ಬೋರ್ಡಿನ ವಿಷಯ. ಹಳೇ ಬೋರ್ಡು ಅಡ್ಡಕ್ಕೆ ಉದ್ದ, ಎತ್ತರ ಕಡಿಮೆ, ನೆಲದ ಆಸರೆಯಲ್ಲೇ ಅಗಲವಾಗುತ್ತದೆ. ಈಗ ಎತ್ತರದ, ಬಾಗಿದ ಬೋರ್ಡುಗಳಿವೆ. ಅವು ನೀರಿನ ಒತ್ತಡದಲ್ಲೇ ಅಗಲವಾಗುತ್ತವೆ. ಅಂಥ ಬೋರ್ಡನ್ನು ತಳದಿಂದ ಸ್ವಲ್ಪ ಮೇಲೆ ಹಾರಿಸಿಕೊಂಡು, ಬಲೆಯನ್ನು ಮಾತ್ರ ತಳದಲ್ಲಿ ಎಳೆಯಬಹುದು. ನೇಗಿಲಿನ ಗೆರೆ ಬೀಳುವುದೇ ಇಲ್ಲ. ನೆಲದ ಉಜ್ಜಾಟ ಇಲ್ಲದ್ದರಿಂದ ಎಂಜಿನ್‌ಗೂ ಹೊರೆ ಕಡಿಮೆ, ಡೀಸೆಲ್ ಉಳಿಯುತ್ತದೆ. ಬೋಟಿನವರು ಇದಕ್ಕೆ ಒಪ್ಪುವುದು ಮುಖ್ಯವಾಗಿ ಡೀಸೆಲ್ ಲೆಕ್ಕ ನೋಡಿಯೇ. ಅದರಲ್ಲಿ ತಪ್ಪೇನಿಲ್ಲ.

ಕಷ್ಟವೂ ಇದೆ. ಬೋರ್ಡು ಎಷ್ಟು ಎತ್ತರದಲ್ಲಿದೆ ಅಂತ ಸದಾ ಗಮನ ಇರಬೇಕು. ಬೋಟಿನಿಂದ ಬೋರ್ಡಿಗೆ ಬರುವ ವೈರ್ ಜಾಸ್ತಿ ಬಿಟ್ಟರೆ ಬೋರ್ಡು ನೆಲಕ್ಕೆ ಕೂರುತ್ತದೆ. ವೇಗ ಹೆಚ್ಚಿದರೆ ಮೇಲೇರುತ್ತದೆ, ಜೊತೆಗೆ ಬಲೆಯೂ ಎದ್ದುಬಿಡಬಹುದು. ಬೋಟು ತಿರುಗುವಾಗ ಒಳಮಗ್ಗುಲಿನ ಬೋರ್ಡು ಕುಸಿಯುತ್ತದೆ. ಅದಕ್ಕೇ ಬೋರ್ಡಿಗೆ ಸೆನ್ಸರ್ ಕಟ್ಟಿ ವೀಲ್‌ಹೌಸಿನಲ್ಲಿ (ಬೋಟು ನಡೆಸುವ ಕೋಣೆಯಲ್ಲಿ) ಎತ್ತರ ನೋಡುತ್ತಾರೆ.

ಡೆಕ್ಕಿನವ

ಸೆನ್ಸರ್ ಇಲ್ಲದ ಸಣ್ಣ ಬೋಟಿನವರು ಏನು ಮಾಡಬೇಕು?

ಬಲೆಮನೆ

ನೀವು ಹೇಳಿದ ಹೊಳಪೇ ಸೆನ್ಸರ್! ಹೊರಡುವ ಮೊದಲು ಅಡಿಪಟ್ಟಿಗೆ ಬಣ್ಣ ಬಳಿಯಿರಿ. ವಾಪಸು ಬಂದಾಗ ಎಲ್ಲಿ ಬಣ್ಣ ಹೋಗಿದೆ ನೋಡಿ. ಹಿಂಬದಿ ಮಾತ್ರ ಸವೆದಿದ್ದರೆ ಬೋರ್ಡು ಹಿಂದಕ್ಕೆ ವಾಲಿ ಹೋಗುತ್ತಿದೆ, ಬೋರ್ಡಿನ ಹಿಂದಿನ ಸರಪಳಿ ಕಟ್ಟುವ ತೂತು ಬದಲಿಸಬೇಕು. ಇಡೀ ಪಟ್ಟಿ ಸವೆದಿದ್ದರೆ ವೈರ್ ಜಾಸ್ತಿ ಬಿಟ್ಟಿದ್ದೀರಿ.

ವೈರ್ ಅಥವಾ ಬಾಯಿಯ ಹಗ್ಗ ಎಷ್ಟು ಎತ್ತರದಲ್ಲಿದೆ ಅಂತ ತಿಳಿಯಲು ಸಣ್ಣ ಸರಪಳಿಯ ತುಂಡು ಇಳಿಬಿಡಿ. ಹೊಳೆಯುವ ಕೊಂಡಿ ನೆಲಕ್ಕೆ ತಾಗಿದ್ದು, ಮಂಕಾಗಿರುವುದು ತಾಗದ್ದು. ಎಣಿಸಿದರೆ ಎತ್ತರ ಗೊತ್ತಾಗುತ್ತದೆ.

ಹೊಸ ಓದುಗ

ಚೌಕ ಕಣ್ಣಿನ ಬಲೆ, ಆಮೆ ಹೊರಗೆ ಹೋಗುವ ಕಿಂಡಿ, ಇವೂ ಇದೇ ವಿಷಯಕ್ಕೆ ಸೇರುತ್ತವಾ?

ತಳಜೀವಿ

ಅವು ಬೇರೆ. ಬಲೆಯ ಒಳಗೆ ಬಂದ ಮರಿ ಮೀನು, ಆಮೆ ಬದುಕಿ ಹೊರಹೋಗಲಿ ಅಂತ ಅವು. ಬೇಕೇ ಬೇಕು. ಆದರೆ ನೆಲಕ್ಕೆ ಬೀಳುವ ಪೆಟ್ಟು ಅವುಗಳಿಂದ ಕಡಿಮೆಯಾಗುವುದಿಲ್ಲ.

ಇಲ್ಲಿ ರೋಲರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾಯಿಯ ಹಗ್ಗಕ್ಕೆ ದೊಡ್ಡ ರಬ್ಬರ್ ರೋಲರ್ ಹಾಕಿದರೆ ಉರುಳಿಕೊಂಡು ಹೋಗುತ್ತದೆ, ನೆಲಕ್ಕೆ ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ಮರಳಿನಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ ಇರಬಹುದು. ಆದರೆ ದೊಡ್ಡ ರೋಲರ್ ಬಂದ ಮೇಲೆ ಮೊದಲು ಯಾರೂ ಹೋಗದ ಕಲ್ಲುಬಂಡೆ ಇರುವ ಜಾಗಕ್ಕೂ ಬಲೆ ನುಗ್ಗಿತು. ಬಲೆ ಹರಿಯುತ್ತದೆ ಅನ್ನುವ ಹೆದರಿಕೆಯೇ ಅಲ್ಲಿನ ಹವಳಕ್ಕೆ, ಸ್ಪಂಜಿಗೆ ಕಾವಲಾಗಿತ್ತು. ಆ ಕಾವಲು ಹೋಯಿತು.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2000ರಲ್ಲಿ ಇದನ್ನು ತಿರುಗಿಸಿ ಬಳಸಿದರು. 8 ಇಂಚಿಗಿಂತ ದೊಡ್ಡ ರೋಲರ್ ಇದ್ದರೆ ಆಳ ಕಡಿಮೆ ಇರುವ ನೀರಿನ, ಬಂಡೆಗಳ ಬಳಿ ಇರುವ ರಾಕ್‌ಫಿಶ್ ಅನ್ನುವ ಮೀನನ್ನು ದಡಕ್ಕೆ ತರುವಂತಿಲ್ಲ ಅಂದರು. ಸಣ್ಣ ರೋಲರ್ ಹಾಕಿಕೊಂಡು ಬಂಡೆಯ ಮೇಲೆ ಹೋದರೆ ಬಲೆ ಚಿಂದಿ. ಬೋಟುಗಳು ತಾವಾಗಿಯೇ ಬಂಡೆ ಬಿಟ್ಟು ದೂರ ಸರಿದವು. ನನಗೆ ತುಂಬಾ ಮೆಚ್ಚುಗೆಯಾದ ನಿಯಮ ಇದು.

ಕಡಲಹಕ್ಕಿ

ಇದು ನನಗೆ ಗೊತ್ತಿರಲಿಲ್ಲ. ಧನ್ಯವಾದ. ಕರೆಂಟ್ ಬಿಟ್ಟು ಮೀನು ಎಬ್ಬಿಸುವ ಬಲೆಯನ್ನು ಯುರೋಪಿನಲ್ಲಿ ನಿಷೇಧಿಸಿದರಲ್ಲ, ಅದು ಒಳ್ಳೆಯದೇ ಆಯಿತು ಅಂದುಕೊಂಡಿದ್ದೇನೆ. ಸರಿನಾ?

ತಳಜೀವಿ

ಅದನ್ನು ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ.

ಉತ್ತರ ಸಮುದ್ರದಲ್ಲಿ ಸೋಲ್ ಮೀನು ಮಣ್ಣೊಳಗೆ ಹುದುಗಿರುತ್ತದೆ. ಅದನ್ನು ಎಬ್ಬಿಸಲು ಬೀಮ್ ಟ್ರಾಲ್‌ಗೆ ಸಾಲು ಸಾಲು ಭಾರೀ ಸರಪಳಿ ಕಟ್ಟಿ ನೆಲ ಅಗೆಯುತ್ತಿದ್ದರು. ಡಚ್ಚರು ಸರಪಳಿ ತೆಗೆದು ಸಣ್ಣ ಕರೆಂಟ್ ಬಿಡುವ ತಂತಿ ಹಾಕಿದರು. ಮೀನಿನ ಮೈ ಸೆಟೆದು ಮೇಲೆ ಬರುತ್ತದೆ. ಬಲೆ ಹಗುರವಾಯಿತು, ನಿಧಾನ ಎಳೆದರೂ ಸಾಕಾಯಿತು, ಡೀಸೆಲ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಯುರೋಪಿನಲ್ಲಿ 1998ರಿಂದ ಕರೆಂಟ್ ಬಳಸಿ ಮೀನು ಹಿಡಿಯುವಂತಿರಲಿಲ್ಲ. ವಿನಾಯಿತಿ ಕೊಟ್ಟು ಇದನ್ನು ಬಿಟ್ಟಿದ್ದರು.

ಆಮೇಲೆ ಸಣ್ಣ ದೋಣಿಯವರಿಂದ ದೂರು ಬಂತು. ದೊಡ್ಡ ಬೋಟುಗಳು ಹೋದ ಕಡೆ ನಮಗೆ ಮೀನೇ ಉಳಿಯುತ್ತಿಲ್ಲ ಅಂದರು. ಅವರ ಸಂಕಟ ಸುಳ್ಳಲ್ಲ. ಕಾಡ್ ಮೀನಿನ ಬೆನ್ನುಮೂಳೆ ಮುರಿಯುವುದನ್ನೂ ಪ್ರಯೋಗಗಳಲ್ಲಿ ನೋಡಿದ್ದರು. 2021ರ ಜುಲೈ 1ರಿಂದ ಪೂರ್ತಿ ನಿಷೇಧ. ಆದರೆ 2020ರಲ್ಲಿ ಸಮುದ್ರ ಸಂಶೋಧನೆಯ ಅಂತರರಾಷ್ಟ್ರೀಯ ಮಂಡಳಿ ಐಸಿಇಎಸ್ ಎರಡನ್ನೂ ಹೋಲಿಸಿ, ತಳದ ದೃಷ್ಟಿಯಿಂದ ಸರಪಳಿಗಿಂತ ಕರೆಂಟೇ ಕಡಿಮೆ ಹಾನಿ ಅಂತ ಹೇಳಿತ್ತು. ನಿಷೇಧದ ಮೇಲೆ ಮತ್ತೆ ಸರಪಳಿ ಕಟ್ಟಿದ ಬೋಟುಗಳಿವೆ. ತಳದ ಹುಳು, ಚಿಪ್ಪುಗಳ ಲೆಕ್ಕದಲ್ಲಿ ನನಗೆ ಇದು ಬೇಸರ ತಂದ ವಿಷಯ. ಪಕ್ಕದ ಸಣ್ಣ ದೋಣಿಯವರನ್ನು ಮೊದಲೇ ಕೂರಿಸಿಕೊಂಡು ಮಾತಾಡಿದ್ದರೆ ಹೀಗಾಗುತ್ತಿರಲಿಲ್ಲ ಅನ್ನಿಸುತ್ತದೆ.

ಕಡಲಹಕ್ಕಿ

ತಳದ ಮಣ್ಣಿನಲ್ಲಿ ಕೂತ ಇಂಗಾಲ ಟ್ರಾಲ್‌ನಿಂದ ಏಳುತ್ತದೆ, ಹವಾಮಾನಕ್ಕೂ ಪೆಟ್ಟು ಅನ್ನುತ್ತಾರೆ. ಬಿಲ್ಲೆ ಹಾಕಿದರೆ ಅದು ನಿಲ್ಲುತ್ತದಾ?

ತಳಜೀವಿ

2021ರ ಒಂದು ಅಧ್ಯಯನ ವರ್ಷಕ್ಕೆ ಸುಮಾರು 147 ಕೋಟಿ ಟನ್ ಕಾರ್ಬನ್ ಡೈ ಆಕ್ಸೈಡ್ ತಳದಿಂದ ನೀರಿಗೆ ಸೇರಬಹುದು ಅಂದಿತು. ಇದು ತುಂಬಾ ಜಾಸ್ತಿ ಹಿಡಿದ ಲೆಕ್ಕ ಅಂತ 2023ರಲ್ಲಿ ಬೇರೆ ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಬರೆದರು. ಹಾಗಾಗಿ ಈ ಅಂಕಿಯನ್ನು ಆಧಾರ ಮಾಡಿಕೊಂಡು ವಾದ ಮಾಡಬೇಡಿ ಅಂತ ನನ್ನ ಸಲಹೆ. ತಳದ ಜೀವಿಗಳ ವಾದವೇ ಸಾಕಷ್ಟು ಗಟ್ಟಿ ಇದೆ.

ಕೆಸರು ಏಳುವುದು ಬರೀ ಉಜ್ಜುವುದರಿಂದ ಅಲ್ಲ. ಬಲೆ ನೀರನ್ನು ಸೀಳಿಕೊಂಡು ಹೋದಾಗ ಹಿಂದೆ ಸುಳಿ ಏಳುತ್ತದೆ, ಆ ಸುಳಿಯೇ ಹೂಳನ್ನು ಎಬ್ಬಿಸುತ್ತದೆ. ನೀರಿನ ಎಳೆತ ಹೆಚ್ಚಿದಷ್ಟೂ ಹೂಳು ಹೆಚ್ಚು. ಸ್ವಲ್ಪ ಮೇಲೆತ್ತಿದ ಮಾತ್ರಕ್ಕೆ ಇದು ಪೂರ್ತಿ ನಿಲ್ಲುವುದಿಲ್ಲ.

ಬಲೆಮನೆ

ಎಳೆತದ ಮಾತು ಬಂದದ್ದು ಒಳ್ಳೆಯದಾಯಿತು. ನೀರಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 3 ನಾಟ್ (ಬೋಟಿನ ವೇಗದ ಅಳತೆ) ಬದಲು 2.5 ನಾಟ್‌ನಲ್ಲಿ ಎಳೆದರೆ ಎಳೆತ ಸುಮಾರು ಶೇ. 30 ಇಳಿಯುತ್ತದೆ. ಸಿಗಡಿಗೆ ವೇಗ ಬೇಕಾಗಿಲ್ಲ, ಮೀನಿಗೆ ಬೇಕು. ತೆಳ್ಳನೆಯ ಗಟ್ಟಿ ನೂಲು, ಬಲೆಯ ಮುಂಭಾಗದಲ್ಲಿ ದೊಡ್ಡ ಕಣ್ಣು ಹಾಕಿದರೂ ಎಳೆತ ಕಡಿಮೆ. ಎಳೆತ ಇಳಿದರೆ ಸಣ್ಣ, ಹಗುರ ಬೋರ್ಡು ಸಾಕಾಗುತ್ತದೆ. ಇದನ್ನು ಮರೆತು ಹಳೇ ಭಾರದ ಬೋರ್ಡನ್ನೇ ಕಟ್ಟಿದರೆ ಅರ್ಧ ಲಾಭ ಹೋಯಿತು.

ತಾಂಡೇಲ

ಕಡಲಹಕ್ಕಿಯವರೇ, ನಿಮ್ಮ ಮೊದಲ ಮಾತಿಗೆ ನಾನು ಸಿಟ್ಟಾಗಿದ್ದೆ. ಯೋಚಿಸಿದ ಮೇಲೆ ಒಂದು ಒಪ್ಪುತ್ತೇನೆ. ನಾವು ಎಳೆಯುವುದು ವರ್ಷಪೂರ್ತಿ ಅವೇ ನಾಲ್ಕು ದಾರಿಯಲ್ಲಿ. ಬಂಡೆ ಇರುವ ಕಡೆ ಹೊಸ ಜಾಗ ಹುಡುಕಿಕೊಂಡು ಹೋಗುವುದು ಮೀನು ಸಿಗದ ದಿನ. ಆ ಜಾಗಗಳನ್ನು ಬಿಟ್ಟುಬಿಡಿ ಅಂದರೆ ನನಗೆ ದೊಡ್ಡ ನಷ್ಟವಿಲ್ಲ.

ತಳಜೀವಿ

ತಾಂಡೇಲರು ಹೇಳಿದ್ದು ಲೆಕ್ಕದಲ್ಲೂ ಕಾಣುತ್ತದೆ. 2018ರಲ್ಲಿ 24 ಪ್ರದೇಶಗಳ ಬೋಟುಗಳ ಜಾಡು ನೋಡಿದಾಗ 1000 ಮೀಟರ್ ಆಳದವರೆಗಿನ ತಳದಲ್ಲಿ ಒಟ್ಟಾರೆ ಶೇ. 14ರಷ್ಟು ಜಾಗಕ್ಕೆ ಟ್ರಾಲ್ ತಾಗಿತ್ತು. ಕೆಲವು ಕಡೆ ಶೇ. 10ಕ್ಕಿಂತ ಕಡಿಮೆ, ಯುರೋಪಿನ ಕೆಲವು ಕಡಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಈಗಾಗಲೇ ಉತ್ತ ದಾರಿಯಲ್ಲಿ ಇನ್ನೊಂದು ಎಳೆತದಿಂದ ಆಗುವ ಹಾನಿಗಿಂತ, ಮುಟ್ಟದ ಜಾಗದಲ್ಲಿ ಮೊದಲ ಎಳೆತದ ಹಾನಿ ಬಹಳ ದೊಡ್ಡದು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2012ರಲ್ಲಿ ಟ್ರಾಲ್ ಬೋಟಿನವರೂ ಪರಿಸರದವರೂ ಕೂತು ಒಪ್ಪಂದ ಮಾಡಿಕೊಂಡರು. ಎಳೆಯುವ ಜಾಗದ ಗಡಿ ಗುರುತಿಸಿ, ಅದರಾಚೆ ಹೋಗುವಂತಿಲ್ಲ ಅಂದರು. ಹವಳ, ಸ್ಪಂಜು ಬಲೆಗೆ ಬಂದರೆ ಅದಕ್ಕೂ ಮಿತಿ. ಎಲ್ಲ ಬೋಟು ಸೇರಿ ವರ್ಷಕ್ಕೆ 4500 ಕೆ.ಜಿ., ಅದರಲ್ಲೇ ಪ್ರತಿ ಬೋಟಿಗೆ ಪಾಲು. ಸ್ಪಂಜು ಬಂದರೆ ನಷ್ಟ ನನಗೆ ಅಂತಾದಾಗ ತಾಂಡೇಲನೇ ದಾರಿ ಬದಲಿಸುತ್ತಾನೆ.

ಕಡಲಹಕ್ಕಿ

ನಾನು ಪೂರ್ತಿ ಬದಲಾಗಿಲ್ಲ. ಕೆಲವು ಜಾಗಕ್ಕೆ ಎಂಥ ಹಗುರ ಬಲೆಯೂ ಹೋಗಬಾರದು. ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ 2008ರಲ್ಲಿ 206 ಚದರ ಕಿ.ಮೀ.ಗೆ ಎಳೆಯುವ ಬಲೆ ನಿಲ್ಲಿಸಿದರು. ಮೂರೇ ವರ್ಷದಲ್ಲಿ ತಳದ ಜೀವಿಗಳು ಮರಳಿ ಬರುವುದು ಕ್ಯಾಮೆರಾದಲ್ಲಿ ಕಂಡಿತು. ಅಂಥ ಜಾಗ ಬಿಟ್ಟು, ಉಳಿದ ಕಡೆ ಬಿಲ್ಲೆ ಕಟ್ಟಿ, ಬೋರ್ಡು ಎತ್ತಿ. ಇಷ್ಟಕ್ಕೆ ನನ್ನ ಒಪ್ಪಿಗೆ ಇದೆ.

ಡೆಕ್ಕಿನವ

ಎರಡು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಇಲ್ಲಿ ಓದಿದ್ದನ್ನು ಪರಿಚಯದ ಬೋಟಿನವರೊಬ್ಬರಿಗೆ ಹೇಳಿದೆ. ಮೀನಿನ ಬಲೆ ಅವರದ್ದು. ಎರಡೂ ಮಗ್ಗುಲ ವೈರ್‌ಗೆ ರಬ್ಬರ್ ಬಿಲ್ಲೆ ಹಾಕಿಕೊಟ್ಟೆ.

ಮೊದಲ ದಿನವೇ ತೊಂದರೆ. ವೈರ್ ಸುತ್ತುವಾಗ ಬಿಲ್ಲೆಗಳು ಡ್ರಮ್ಮಿನಲ್ಲಿ ಒಂದರ ಮೇಲೊಂದು ಸಿಕ್ಕಿಕೊಂಡವು. ಡೆಕ್ಕಿನ ಹುಡುಗರಿಗೆ ಕೈಯಲ್ಲಿ ಬಿಡಿಸುವ ಕೆಲಸ, ಅದು ಅಪಾಯ ಕೂಡ. ಬಿಲ್ಲೆಗಳ ನಡುವಿನ ದೂರ ಹೊಂದಿಸಿ, ಸುತ್ತಿನಲ್ಲಿ ಅವು ಪಕ್ಕಪಕ್ಕ ಕೂರುವ ಹಾಗೆ ಮಾಡಿದ ಮೇಲೆ ಸರಿಯಾಯಿತು. ಎರಡು ಬಿಲ್ಲೆ ಜಾರಿ ಕಳೆದುಹೋದವು. ಈಗ ಎರಡೂ ಬದಿಗೆ ಕ್ಲ್ಯಾಂಪ್ ಹಾಕಿದ್ದೇನೆ.

ಮೀನು ಕಡಿಮೆಯಾಗಿಲ್ಲ ಅಂತ ಬೋಟಿನವರು ಹೇಳುತ್ತಾರೆ. ಒಂದೇ ಬೋಟು, ಎರಡೇ ತಿಂಗಳು, ಇದನ್ನು ಸಾಕ್ಷಿ ಅಂತ ನಾನು ಹೇಳುವುದಿಲ್ಲ. ನಾನು ನೋಡಿದ್ದು ವೈರ್. ಬಿಲ್ಲೆಯ ಅಂಚು ಹೊಳೆಯುತ್ತಿತ್ತು. ನಡುವಿನ ವೈರ್ ಮೇಲೆ ತುಕ್ಕಿನ ಕಂದು ಬಣ್ಣ ಹಾಗೇ ಇತ್ತು. ಇಷ್ಟು ವರ್ಷದಲ್ಲಿ ತುಕ್ಕು ನೋಡಿ ಖುಷಿಪಟ್ಟದ್ದು ಇದೇ ಮೊದಲು.

ಬೋರ್ಡಿನ ಅಡಿಪಟ್ಟಿಗೆ ಕೆಂಪು ಬಣ್ಣ ಬಳಿದು ಕಳಿಸಿದ್ದೆ. ಹಿಂಬದಿ ಪೂರ್ತಿ ಹೋಗಿದೆ, ಮುಂಬದಿ ಉಳಿದಿದೆ. ಬಲೆಮನೆಯವರೇ, ಸರಪಳಿಯನ್ನು ಒಂದು ತೂತು ಮೇಲೆ ಕಟ್ಟಲಾ, ಕೆಳಗಾ?

ಬಲೆಮನೆ

ಈಗ ಯಾವ ತೂತಿನಲ್ಲಿದೆ, ಬೋರ್ಡು ಯಾವ ನಮೂನೆಯದು ಅಂತ ಒಂದು ಫೋಟೊ ಹಾಕಿ. ಹಿಂದಿನ ಮೇಲ್ಸರಪಳಿ, ಕೆಳಸರಪಳಿ ಎರಡರ ಉದ್ದವನ್ನೂ ಅಳೆದು ಬರೆಯಿರಿ. ನೋಡಿ ಹೇಳುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಹೊಸದಾಗಿ ಬಣ್ಣ ಬಳಿಯಿರಿ.